ಗಾಳಿಗೆ ಕಟ್ಟಿದ ಪತ್ತಲ

ತೇರದಾಳಕ್ಕೆ ಸಮುದ್ರವಿಲ್ಲ ಎಂದು ಶಾಲೆಯ ಭೂಪಟ ಹೇಳುತ್ತದೆ. ಊರ ಹೊರಗಿನ ಎನ್.ಎ. ಪ್ಲಾಟಿನಲ್ಲಿ ಹೊಸ ಮನೆ ಕಟ್ಟಿಸಿ, ಆಷಾಢದಲ್ಲಿ ಪಡುವಣ ಬಾಗಿಲು ತೆರೆದು ನಿಂತವರಿಗೆ ಆ ಭೂಪಟದ ಮೇಲೆ ಹೆಚ್ಚು ನಂಬಿಕೆ ಉಳಿಯುವುದಿಲ್ಲ. ಅರಬ್ಬೀ ಸಮುದ್ರದಿಂದ ಹೊರಟ ಗಾಳಿ ಸಹ್ಯಾದ್ರಿ ಹತ್ತುವಾಗಲೇ ಮಳೆಯನ್ನೆಲ್ಲ ಮಹಾಬಳೇಶ್ವರದ ಕಡೆ ಇಳಿಸಿ ನಮ್ಮ ಕಡೆಗೆ ಬರಿಗೈಯಲ್ಲಿ ಬರುತ್ತದೆ. ಅಲ್ಲಿ ಇಳಿದ ಮಳೆ ಕೃಷ್ಣಾ ಹೊಳೆಯಾಗಿ ಹಿಂದಿನಿಂದ ಸಾವಕಾಶ ನಡೆದು ಬರುತ್ತದೆ. ಹೊಳೆಗೆ ಹಿಪ್ಪರಗಿಯಲ್ಲಿ ಬ್ಯಾರೇಜು ಅಡ್ಡ ಕಟ್ಟಿದ್ದಾರೆ, ಮುಂದೆ ಆಲಮಟ್ಟಿಯಲ್ಲಿ ದೊಡ್ಡ ಕಟ್ಟೆಯೇ ಇದೆ. ಗಾಳಿಗೆ ಮಾತ್ರ ಯಾರೂ ಏನೂ ಕಟ್ಟಿಲ್ಲ. ಅದಕ್ಕೆ ಅಡ್ಡವಾಗಿ ಮೊದಲು ಸಿಗುವುದು ನಮ್ಮ ಅಡುಗೆಮನೆಯ ಕಿಟಕಿ.

ಸಮುದ್ರದ ಇನ್ನೊಂದು ಗುಣವೂ ನಮ್ಮಲ್ಲಿದೆ, ಉಪ್ಪು. ಬೋರಿನ ನೀರಿಗೆ ಸಾಬೂನು ನೊರೆ ಬಿಡುವುದಿಲ್ಲ. ನೀರು ಕಾಯಿಸಿದ ಹಂಡೆಯೊಳಗೆ ಸುಣ್ಣದ ಪದರು ಕೂಡುತ್ತದೆ. ಬೇಸಿಗೆಯಲ್ಲಿ ಪ್ಲಾಟಿನ ತಗ್ಗು ಮೂಲೆ ಬೆಳ್ಳಗಾಗಿ, ಯಾರೋ ರಾತ್ರಿ ಬಂದು ರಂಗೋಲಿ ಪುಡಿ ಚೆಲ್ಲಿ ಹೋದರೇನೋ ಎನಿಸುತ್ತದೆ. ಇದರ ಕಾರಣ ನಮ್ಮ ಕಡೆ ಎಲ್ಲರಿಗೂ ಗೊತ್ತು, ಬಾಯಿ ಬಿಟ್ಟು ಹೇಳಲು ಯಾರಿಗೂ ಇಷ್ಟವಿಲ್ಲ. ಎರೆಭೂಮಿಗೆ ವರ್ಷವಿಡೀ ಕಬ್ಬಿನ ನೆಪದಲ್ಲಿ ನೀರು ಹಾಯಿಸಿದರೆ ನೆಲದೊಳಗಿನ ನೀರು ಮೇಲೇರುತ್ತದೆ. ಬಿಸಿಲಿಗೆ ನೀರು ಆವಿಯಾಗಿ ಹೋಗುತ್ತದೆ, ಉಪ್ಪು ಹೋಗುವುದಿಲ್ಲ. ಸರಕಾರಿ ಕಾಗದಗಳಲ್ಲಿ ಇಂಥ ನೆಲಕ್ಕೆ ‘ಸವಳು-ಜವಳು’ ಎನ್ನುತ್ತಾರೆ. ನಮ್ಮ ಪ್ಲಾಟೂ ಮೊದಲು ಕಬ್ಬಿನ ಹೊಲವೇ. ಇಳುವರಿ ಇಳಿದು ಇಳಿದು, ಕೊನೆಗೆ ಮಾಲಕರು ಗಳೆ ಬಿಚ್ಚಿಟ್ಟು ಪ್ಲಾಟು ಹಾಕಿದರು. ಬೆಳೆ ಏಳದ ನೆಲದಲ್ಲಿ ಮನೆ ಏಳುತ್ತದೆ. ಇದು ನಮ್ಮ ಸೀಮೆಯ ಹೊಸ ಒಕ್ಕಲುತನ.

ಮೊದಲು ಹೀಗಿರಲಿಕ್ಕಿಲ್ಲ. ಊರ ನೇಮಿನಾಥ ಬಸದಿಯನ್ನು ಮಾಂಡಲಿಕ ಗೊಂಕ ಕಟ್ಟಿಸಿದ್ದು 12ನೇ ಶತಮಾನದಲ್ಲಿ. ಆ ಕಾಲದ ದಾನಶಾಸನಗಳನ್ನು ಓದಿದರೆ, ದೇವರಿಗೆ ಹೊಲವನ್ನು ಮತ್ತರಿನ ಲೆಕ್ಕದಲ್ಲಿ ಅಳೆದು ಬಿಡುವಾಗ ಜೊತೆಗೊಂದು ಹೂದೋಟವನ್ನೂ ಬಿಡುವ ರೂಢಿ ಕಾಣುತ್ತದೆ. ದೇವರಿಗೆ ಕೊಟ್ಟ ತೋಟಕ್ಕೆ ಸವಳು ಹತ್ತಿರಲಾರದು. ದೇವರ ಮಹಿಮೆ ಎನ್ನಿ, ಆಗ ಹೊಳೆಯ ನೀರು ಎತ್ತುವ ಪಂಪ್‌ಸೆಟ್ ಇರಲಿಲ್ಲ ಎನ್ನಿ.

ತೋಟದ ಮಾತು ಎತ್ತಿದ ಕೂಡಲೇ ಫೋನು ಮಾಡಿದವರು ಕಾರವಾರದಲ್ಲಿ ನೌಕರಿಯಲ್ಲಿದ್ದು, ಅಲ್ಲೇ ಕಡಲಿನ ಎದುರು ಮನೆ ಕಟ್ಟಿಕೊಂಡಿರುವ ನಮ್ಮ ಷಡ್ಡಕರು. “ಗಾಳಿ, ಉಪ್ಪು ಅಂತ ನೀವು ಯಾಕ ಚಿಂತಿ ಮಾಡ್ತೀರಿ? ಗಾಳಿಮರ ಹಚ್ಚಿಬಿಡ್ರಿ. ಮುಂದಿಂದು ಅದು ನೋಡ್ಕೋತೈತಿ” ಎಂದರು. ಅವರ ಮಾತಿಗೆ ಇತಿಹಾಸದ ಬಲವಿದೆ. ಗಾಳಿಮರವನ್ನು ನಮ್ಮ ದೇಶದಲ್ಲಿ ತೋಪಾಗಿ ಬೆಳೆಸಲು ತೊಡಗಿದ್ದು ಕಾರವಾರದ ಮರಳಿನಲ್ಲೇ, 1868ರ ಸುಮಾರಿಗೆ. ರೈಲಿನ ಎಂಜಿನ್ನುಗಳಿಗೆ ಉರುವಲಾಗಲೆಂದು ಬ್ರಿಟಿಷರು ಹಚ್ಚಿಸಿದ ಮರ ಅದು. ಉಗಿಯ ಎಂಜಿನ್ನುಗಳು ಮೂಲೆಗುಂಪಾದವು. ಮರ ಇನ್ನೂ ಸಮುದ್ರಕ್ಕೆ ಎದೆಯೊಡ್ಡಿ ನಿಂತಿದೆ. ಷಡ್ಡಕರು ಅಷ್ಟಕ್ಕೇ ಬಿಡಲಿಲ್ಲ. ಮರಳು ಹಾರದಂತೆ ಹಿಡಿಯುವ ಅಡುಂಬು ಬಳ್ಳಿ, ಉಪ್ಪುಗಾಳಿಗೆ ಜಗ್ಗದ ಸುರಹೊನ್ನೆ, ಕೇದಗೆಯ ಮೆಳೆ, ಎಲ್ಲದರ ಫೋಟೋ ಕಳಿಸಿದರು. ಪ್ರತಿ ಫೋಟೋದ ಮೂಲೆಯಲ್ಲೂ ಅವರ ಹೊಸ ಕಾರು ಇತ್ತು.

ಅವರ ಉಪ್ಪಿಗೂ ನಮ್ಮ ಉಪ್ಪಿಗೂ ನಡತೆ ಬೇರೆ ಎಂದು ಅವರಿಗೆ ಹೇಗೆ ಹೇಳುವುದು? ಅವರದು ಗಾಳಿಯ ಸವಾರಿ ಮಾಡಿ ಎಲೆಯ ಮೇಲೆ ಕೂಡುವ ಉಪ್ಪು. ಜೂನ್ ಬಂತೆಂದರೆ 3000 ಮಿ.ಮೀ. ದಾಟುವ ಮಳೆ ಅದನ್ನು ತೊಳೆದು, ಮರಳಿನೊಳಗೆ ಇಳಿಸಿ, ಸಮುದ್ರಕ್ಕೇ ಒಪ್ಪಿಸಿ ಬರುತ್ತದೆ. ನಮ್ಮದು ಬುಡದಿಂದ ಬರುವ ಉಪ್ಪು. ನಮಗೆ ಬೀಳುವುದು 500-600 ಮಿ.ಮೀ. ಮಳೆ, ಅದೂ ಮನಸ್ಸಿದ್ದರೆ. ಬಿದ್ದದ್ದನ್ನು ಎರೆಮಣ್ಣು ಕೆಳಗೆ ಇಳಿಯಗೊಡುವುದಿಲ್ಲ. ಒಮ್ಮೆ ಬಂದ ಉಪ್ಪು ಇಲ್ಲಿಯೇ ಕಾಯಂ ಆಗುತ್ತದೆ. ಗಾಳಿಮರಕ್ಕೆ ಉಪ್ಪು ನಡೆದೀತು, ಕಾಲಿಗೆ ಅಂಟುವ ಎರೆ ನಡೆಯದು.

ಈ ಎರೆಯದೇ ಒಂದು ಪುರಾಣ. ಹಸಿಯಾದರೆ ಉಬ್ಬುತ್ತದೆ, ಒಣಗಿದರೆ ಬಾಯಿ ಬಿಡುತ್ತದೆ. ಮಾರ್ಚಿನಲ್ಲಿ ಮೊಮ್ಮಗನ ರಬ್ಬರ್ ಚೆಂಡು ಒಂದು ಬಿರುಕಿನೊಳಗೆ ಇಳಿಯಿತು. ಕೋಲು ಹಾಕಿ ಕೆದಕಿದಷ್ಟೂ ಆಳಕ್ಕೆ ಹೋಯಿತು. ಜೂನಿನಲ್ಲಿ ಬಿರುಕು ಮುಚ್ಚಿಕೊಂಡಿತು. ಚೆಂಡು ಈಗ ಭೂತಾಯಿಯ ಖಾತೆಯಲ್ಲಿದೆ. ಬಿರುಕು ಬಿಡುವಾಗ ಎಳೆಯ ಬೇರುಗಳೂ ಹರಿಯುತ್ತವೆ, ಸಸಿ ಒಣಗಲು ನೀರಿನ ಕೊರತೆಯೇ ಬೇಕೆಂದಿಲ್ಲ. ಇದೆಲ್ಲ ಗೊತ್ತಿದ್ದ ಗೌಂಡಿ ಅಡಿಪಾಯದ ಎರೆಯನ್ನು ಪೂರ್ತಿ ತೆಗೆಸಿ ಗರಸು ತುಂಬಿಸಿದ. ಗೋಡೆ ಗಟ್ಟಿ ನಿಂತಿತು. ತೆಗೆದ ಎರೆಯನ್ನು ಎಲ್ಲಿ ಹಾಕಿಸಿದ? ಹೂದೋಟ ಆಗಬೇಕಾದ ಜಾಗದಲ್ಲಿ. ಅದರ ಮೇಲೆ ಕಲಸಿ ಉಳಿದ ಸಿಮೆಂಟು, ಒಡೆದ ಟೈಲ್ಸು, ಪರ್ಸಿಯ ಚೂರು, ಬಣ್ಣದ ಡಬ್ಬಿ, ಗುಟಕಾ ಚೀಟಿ. ತೇರದಾಳದಲ್ಲಿ ಅಲ್ಲಮಪ್ರಭುವಿನ ಗುಡಿ ಇದೆ. ಅಲ್ಲಮನ ಕಥೆಯಲ್ಲಿ ತೋಟಿಗ ಗೊಗ್ಗಯ್ಯನ ನೆಲದಡಿ ಒಂದು ಗುಡಿಯ ಕಳಸ ಕಾಣಿಸುತ್ತದೆ. ನಾನೂ ಅದೇ ಊರಿನಲ್ಲಿ ಗುದ್ದಲಿ ಹಾಕಿದೆ, ಬಂದದ್ದು ಪೇಂಟ್ ಬ್ರಶ್ಶು.

ವಾಸ್ತುಶಾಂತಿಯ ಊಟದ ದಿನ ಸಲಹೆಗಳ ಸುಗ್ಗಿ. ಬಾಗಲಕೋಟೆಯಲ್ಲಿ 2008ರಿಂದ ತೋಟಗಾರಿಕೆ ವಿಜ್ಞಾನಗಳ ವಿಶ್ವವಿದ್ಯಾಲಯವಿದೆ. ಆದರೆ ಅಂದು ನಮ್ಮ ಮೊದಲ ಪಂಕ್ತಿಯಲ್ಲಿ ಕುಳಿತ ಪ್ರಾಧ್ಯಾಪಕರ ಸಂಖ್ಯೆ ಅಲ್ಲಿಯದಕ್ಕಿಂತ ಹೆಚ್ಚಿತ್ತು. ಹುಣಸಿ ಬ್ಯಾಡ, ದೆವ್ವ ಬರ್ತಾವ. ನುಗ್ಗಿ ಮನಿ ಮುಂದ ಬ್ಯಾಡ, ಜಗಳ ಹತ್ತತಾವ. ಬಾಳಿ ಇರಲಿ, ತೆಂಗು ಇರಲಿ, ಆದರ ದಿಕ್ಕು ನೋಡ್ರಿ. ಹೋಳಿಗೆ ತಟ್ಟೆಗೆ ಬಂದಾಗ ಮಾತು ನಿಲ್ಲುತ್ತಿತ್ತು, ತುಪ್ಪ ಬರುವವರೆಗೆ ಮತ್ತೆ ಏಳುತ್ತಿತ್ತು. ವಾಸ್ತುವಿನಲ್ಲಿ ನನಗೆ ನಂಬಿಕೆ ಅಷ್ಟಕ್ಕಷ್ಟೇ. ಆದರೆ ಎತ್ತರದ ಮರಗಳು ನೈಋತ್ಯಕ್ಕಿರಲಿ ಎಂಬ ಸೂತ್ರವನ್ನು ಬರೆದವನು ಖಂಡಿತ ನಮ್ಮ ಕಡೆಯ ಆಷಾಢದ ಗಾಳಿ ತಿಂದವನೇ ಇರಬೇಕು. ಗಾಳಿ ಬರುವುದೇ ಆ ಕಡೆಯಿಂದ. ಹೀಗಾಗಿ ಪಂಕ್ತಿಯ ಹಿರಿಯರಿಗೂ ನನಗೂ ನೈಋತ್ಯದ ವಿಷಯದಲ್ಲಿ ಮಾತ್ರ ಒಪ್ಪಂದವಾಯಿತು, ಕಾರಣ ಬೇರೆ ಬೇರೆ.

ಪುಣೆಯಲ್ಲಿರುವ ಮಗ ಮರ ಬೆಳೆಯುವವರೆಗೆ ಕಾಯುವವನಲ್ಲ. ಪಡುವಣ ಕಡೆ ಏಳು ಫೂಟಿನ ಗೋಡೆ ಎಬ್ಬಿಸಿಬಿಡೋಣ ಎಂದ. ಕೇಳಲು ಸರಿ ಅನಿಸುತ್ತದೆ. ಆದರೆ ಗಾಳಿಗೆ ಗಟ್ಟಿ ಗೋಡೆ ಅಡ್ಡ ಬಂದರೆ ಅದು ಗೋಡೆ ಹತ್ತಿ, ಆಚೆಗೆ ಲಾಗ ಹಾಕಿ, ಒಳಗಿನ ಸಸಿಗಳ ನೆತ್ತಿಯ ಮೇಲೇ ಬೀಳುತ್ತದೆ. ಅರ್ಧ ತಡೆದು ಅರ್ಧ ಬಿಡುವ ಬೇಲಿಯಾದರೆ ಗಾಳಿ ಮುರಿದುಕೊಂಡು ಮೆತ್ತಗಾಗುತ್ತದೆ, ಬೇಲಿಯ ಎತ್ತರದ ಎಂಟು ಹತ್ತು ಪಟ್ಟು ದೂರದವರೆಗೂ ಆಸರೆ ಸಿಗುತ್ತದೆ. ನಮ್ಮ ಹಿರಿಯರು ತೊಗರಿ ಕಟ್ಟಿಗೆಯ ತಟ್ಟಿ, ಜೋಳದ ಕಣಿಕೆಯ ತಡಿಕೆ ಕಟ್ಟುತ್ತಿದ್ದುದರಲ್ಲಿ ಈ ಲೆಕ್ಕವೆಲ್ಲ ಇತ್ತು. ಈಗ ಕಣಿಕೆ ಎಲ್ಲಿಂದ ತರುವುದು? ಸುತ್ತ ನೋಡಿದರೆ ಕಬ್ಬು, ಅರಿಷಿಣ. ಅಂಗಡಿಯ ಹಸಿರು ನೆಟ್ಟು ತರಲು ನಾನು ಚೀಲ ಹಿಡಿದು ಹೊರಟಾಗ ನಮ್ಮ ಮನೆಯವರು ಟ್ರಂಕು ತೆಗೆದರು.

ಪಕ್ಕದಲ್ಲಿ ರಬಕವಿ-ಬನಹಟ್ಟಿ. ಮಗ್ಗದ ಸಪ್ಪಳದಲ್ಲೇ ಬೆಳಗಾಗುವ ಊರುಗಳು. ನಮ್ಮ ಕಡೆಯ ಮನೆಗಳಲ್ಲಿ ರೊಕ್ಕಕ್ಕೆ ಬರ ಬಂದೀತು, ಹಳೆಯ ಪತ್ತಲಕ್ಕೆ ಬರವಿಲ್ಲ. ಗೋವಿನಜೋಳದ ಹೊಲಕ್ಕೆ ಹಂದಿ ಬರದಂತೆ ಸುತ್ತ ಸೀರೆ ಕಟ್ಟುವುದನ್ನು ಎಲ್ಲರೂ ನೋಡಿದ್ದೇವೆ. ನಮ್ಮವರು ಅದನ್ನೇ ಗಾಳಿಗೆ ಕಟ್ಟಿಸಿದರು. ಬಿದಿರು ನೆಟ್ಟು, ನಡುವೆ ಪತ್ತಲ ಬಿಗಿದು, ಕೆಳಗೆ ಒಂದು ಗೇಣು ಬಿಟ್ಟು. ನೇಯ್ಗೆ ಅರ್ಧ ಗಾಳಿ ಹಿಡಿಯಿತು, ಅರ್ಧ ಬಿಟ್ಟಿತು. ಯಾವ ಪತ್ತಲ ಎಲ್ಲಿಗೆ ಎಂಬುದರಲ್ಲೂ ಒಂದು ಶಾಸ್ತ್ರವಿತ್ತು. ತವರಿನದು ಬಾಗಿಲ ಹತ್ತಿರ, ನೆರಳಿನಲ್ಲಿ. ನಮ್ಮ ಅಕ್ಕ ದೀಪಾವಳಿಗೆ ಉಡುಗೊರೆ ಕೊಟ್ಟದ್ದು ನೇರ ನೈಋತ್ಯದ ಮೂಲೆಗೆ. “ಅದು ಗಟ್ಟಿ ಐತ್ರಿ, ತಡಕೋತೈತಿ” ಎಂದರು. ನಾನು ಹೆಚ್ಚು ವಿಚಾರಿಸಲಿಲ್ಲ.

ಪತ್ತಲದ ಮರೆಯಲ್ಲಿ ಗಿಡಗಳ ಆಯ್ಕೆ ತಾನಾಗಿಯೇ ಆಯಿತು. ಬೇವು, ಹುಲಗಲ, ಬಾರಿ ಈ ಮೂವರು ನೈಋತ್ಯದ ಪಹರೆಗೆ. ಬೇವನ್ನು ನಾವು ಹಚ್ಚಲೇ ಇಲ್ಲ, ಕಾಗೆ ಹಚ್ಚಿತ್ತು. ಒಳಗೆ ಚಿಕ್ಕು, ಪೇರಲ, ದಾಳಿಂಬ್ರಿ ಸವಳಿಗೆ ಹೊಂದಿಕೊಂಡವು. ಕಣಗಿಲೆಗೆ ಸವಳೂ ಒಂದೇ, ಬರವೂ ಒಂದೇ, ಆಡೂ ಅದನ್ನು ಮುಟ್ಟುವುದಿಲ್ಲ. ಲಿಂಬಿ ಮಾತ್ರ ಎಲೆಯ ಅಂಚು ಸುಟ್ಟುಕೊಂಡು ಮುನಿಸಿಕೊಂಡಿತು. ಅದಕ್ಕೆ ಮಳೆಗಾಲದಲ್ಲಿ ಮಾಳಿಗೆಯಿಂದ ಇಳಿದು ಟಾಕಿಯಲ್ಲಿ ತುಂಬಿದ ನೀರೇ ಆಗಬೇಕು. ಬೋರಿನ ನೀರನ್ನು ದಿನಾ ಚೂರು ಚೂರು ಕುಡಿಸಿದರೆ ಉಪ್ಪು ಬುಡದಲ್ಲೇ ಕೂಡುತ್ತದೆ, ಅಪರೂಪಕ್ಕೆ ಹೊಟ್ಟೆ ತುಂಬ ಉಣಿಸಿ ಬಸಿದು ಹೋಗಲು ದಾರಿ ಬಿಡಬೇಕು. ಅದಕ್ಕೆಂದೇ ಸಸಿಗಳನ್ನು ಏರು ಮಡಿಯ ಮೇಲೆ ಕೂರಿಸಿದೆವು. ಬುಡಕ್ಕೆ ತಿಪ್ಪಿಗೊಬ್ಬರ, ಅದರ ಮೇಲೆ ಕಬ್ಬಿನ ರವದಿ. ಹೊಲದಲ್ಲಿ ಜನ ರವದಿಗೆ ಬೆಂಕಿ ಹಚ್ಚುತ್ತಾರೆ, ಹಾರಿದ ಬೂದಿ ನಮ್ಮ ಒಣಹಾಕಿದ ಬಟ್ಟೆಗೆ ಬರುತ್ತದೆ. ಅದೇ ರವದಿಯನ್ನು ಬುಡಕ್ಕೆ ಮುಚ್ಚಿದರೆ ತೇವ ಉಳಿಯುತ್ತದೆ, ಬಿರುಕು ಕಡಿಮೆ, ಉಪ್ಪು ಮೇಲೇರುವುದೂ ಕಡಿಮೆ. ಒಂದು ಟ್ರೇಲರ್ ಕೇಳಿದಾಗ ಹೊಲದವರು “ರವದಿಗೆ ರೊಕ್ಕ ಕೊಡ್ತೀರಾ ಸರ್ರ?” ಎಂದು ನನ್ನನ್ನು ಮೇಲಿಂದ ಕೆಳಗೆ ನೋಡಿದರು.

ಲಾನಿನದು ಬೇರೆ ಕಥೆ. ಮನೆ ಮುಂದೆ ಹಸಿರು ಹುಲ್ಲಿರಬೇಕು ಎಂದು ಮಗ ಪುಣೆಯಿಂದಲೇ ಆರ್ಡರು ಮಾಡಿದ. ‘ಬರ್ಮುಡಾ ಗ್ರಾಸ್’ ಎಂಬ ಗತ್ತಿನ ಹೆಸರು, ಚೌಕ ಚೌಕ ಹಾಸು, ಫೂಟಿನ ಲೆಕ್ಕದಲ್ಲಿ ಬೆಲೆ. ಸವಳಿಗೂ ತಡೆಯುತ್ತದೆ, ತುಳಿತಕ್ಕೂ ತಡೆಯುತ್ತದೆ ಎಂದು ನರ್ಸರಿಯವರು ಹೇಳಿದ್ದು ಸುಳ್ಳಲ್ಲ. ಹಾಸು ಟೆಂಪೋದಿಂದ ಇಳಿಯುವಾಗ ಅಂಗಳದಲ್ಲಿ ಕುಳಿತಿದ್ದ ನಮ್ಮ ಅವ್ವ ಒಂದು ಎಸಳು ಕಿತ್ತು ಕಣ್ಣಿನ ಹತ್ತಿರ ಹಿಡಿದಳು. “ಯಪ್ಪಾ, ಇದು ಕರಕಿ ಅಲ್ಲೇನೋ!” ಎಂದಳು. ಕರಕಿಯೇ. ನಮ್ಮಪ್ಪ ಹೊಲದ ಕರಕಿ ತೆಗೆಸಲು ನೆಗಿಲು ಹೂಡಿಸಿದ್ದು, ಆಳು ಹಚ್ಚಿಸಿದ್ದು, ಬೇರಿನ ಒಂದು ಗಣ್ಣು ಉಳಿದರೂ ಮತ್ತೆ ಚಿಗುರಿತೆಂದು ಶಪಿಸಿದ್ದು ಅವ್ವನಿಗೆ ಇನ್ನೂ ನೆನಪಿದೆ. ಮೊಮ್ಮಗ ರೊಕ್ಕ ಕೊಟ್ಟು ತರಿಸಿದ ವೈರಿಗೆ ಅವಳು ನೀರು ಹಾಕಲು ಒಪ್ಪಲಿಲ್ಲ. ಕೊನೆಗೆ ಗಣಪತಿ ಪೂಜೆಗೆ ಕರಕಿ ಬೇಕಲ್ಲ ಎಂಬ ಮಾತಿನ ಮೇಲೆ ರಾಜಿಯಾಯಿತು. ಓಣಿಯ ಆಡುಗಳು ಯಾವ ಕರಾರೂ ಇಲ್ಲದೆ ಒಪ್ಪಿದವು. ಗೇಟು ತೆರೆದಿದ್ದ ಒಂದು ಮಧ್ಯಾಹ್ನ ಲಾನು ಕತ್ತರಿಸುವ ಯಂತ್ರದ ಖರ್ಚು ಉಳಿಸಿ ಹೋದವು.

ಕಳೆದ ತಿಂಗಳು ನಮ್ಮ ಪಡುವಣ ಪ್ಲಾಟಿನವರೂ ಪಾಯ ತೋಡಿಸಿದರು. ಎರೆಯ ಗುಡ್ಡೆ ಎದ್ದಿದೆ, ಗೌಂಡಿ ಅದೇ ಹಳಬ. ಇನ್ನು ಅವರ ಮನೆಯೇ ನಮಗೆ ಗಾಳಿಗೋಡೆ, ನಾವು ಪತ್ತಲ ಬಿಚ್ಚಬಹುದು ಎಂದು ನನಗೆ ಸಮಾಧಾನ. ನಮ್ಮವರಿಗೆ ಹೊಸ ಕಳವಳ. ಗಾಳಿ ನಿಂತರೆ ಶ್ಯಾವಿಗಿ, ಸಂಡಿಗಿ ಒಣಗುವುದು ಹೇಗೆ? ಈ ವಿಚಾರ ಇತ್ಯರ್ಥವಾಗುವ ಮೊದಲೇ ಆ ಮನೆಯವರ ಹೆಂಡತಿ ಬೇಲಿ ನೋಡಲು ಬಂದರು.

“ಅಕ್ಕಾರ, ನಾವೂ ಹಿಂಗ ಪತ್ಲ ಕಟ್ಟಬೇಕಂತ ಮಾಡೇವಿ. ಬನಹಟ್ಟಿ ಹತ್ತೀವು ಎರಡು ಅದಾವ.”

“ಹತ್ತೀವು ಬ್ಯಾಡ್ರಿ ತಂಗಿ, ಬಿಸಲಿಗೆ ಚಿಂದಿ ಆಗ್ತಾವ. ಸಿಂಥೆಟಿಕ್ ಕಟ್ರಿ. ಬೇಕಂದ್ರ ನಮ್ಮ ನಾದಿನಿ ಕೊಟ್ಟಾವು ಇನ್ನೂ ನಾಕು ಅದಾವ, ಒಯ್ರಿ.”