ಒಂದು ಓಟಿನ ಅಜ್ಜಿ

ಚಾಮರಾಜನಗರದಿಂದ ಯಳಂದೂರಿಗೆ ಹೋಗುವ ದಾರಿಯಲ್ಲಿ ಸಂತೆಮರಹಳ್ಳಿ ಸಿಗುತ್ತದೆ. ಊರು ಇದೆ, ಹೋಬಳಿ ಇದೆ, ಬಸ್ಸೂ ನಿಲ್ಲುತ್ತದೆ. ಇಲ್ಲದಿರುವುದು ಸಂತೆಮರಹಳ್ಳಿ ವಿಧಾನಸಭಾ ಕ್ಷೇತ್ರ ಮಾತ್ರ. ಪರಿಶಿಷ್ಟ ಜಾತಿಗೆ ಮೀಸಲಾಗಿದ್ದ ಈ ಕ್ಷೇತ್ರ 2008ರ ಚುನಾವಣೆಯ ಹೊತ್ತಿಗೆ ನಕಾಶೆಯಿಂದ ಅಳಿಸಿಹೋಯಿತು. ನಾವು ಹೋದಾಗ ದಿವಂಗತ ಕ್ಷೇತ್ರ ಜಗುಲಿಯ ಮೇಲೆ ಕೂತು ಎಲೆಅಡಿಕೆ ಕುಟ್ಟುತ್ತಿತ್ತು.

ನಮಸ್ಕಾರ ಅಜ್ಜಿ, ಪತ್ರಿಕೆಯಿಂದ ಬಂದೆ.

ಗೊತ್ತು ಕನ ಮಗ. ಒಂದು ಓಟಿನ ಕತೆ ಕೇಳಕ್ಕೆ ತಾನೆ? ಎಲೆಕ್ಷನ್ ಬಂದಾಗ ನನ್ನ ಹೆಸರು ಎತ್ತಿ ‘ಮತದ ಮೌಲ್ಯ’ ಅಂತ ಬರಿತರ, ಆಮೇಲೆ ಐದು ವರ್ಸ ಪತ್ತೆ ಇಲ್ಲ. ನಿಮಗಿಂತ ಎಮ್ಮೆಲ್ಲೆಗಳೇ ವಾಸಿ, ತಿಥಿಗಾದ್ರೂ ಬತ್ತಿದ್ರು.

2004ರಲ್ಲಿ ನಿಜಕ್ಕೂ ಏನಾಯಿತು?

ಕಾಂಗ್ರೆಸ್ಸಿನ ಆರ್. ಧ್ರುವನಾರಾಯಣ ಅವ್ರಿಗೆ 40,752 ಓಟು. ಜಾತ್ಯತೀತ ಜನತಾದಳದ ಎ.ಆರ್. ಕೃಷ್ಣಮೂರ್ತಿ ಅವ್ರಿಗೆ 40,751. ಇವ್ರು ಕೇರಳದ ರಾಜ್ಯಪಾಲರಾಗಿದ್ದ ನಮ್ಮ ಸೀಮೆಯ ಬಿ. ರಾಚಯ್ಯನೋರ ಮಗ. ಗುಂಡಿ ಒತ್ತುದ್ರೆ ಮಿಸಿನ್ನು ‘ಪೀ...’ ಅಂತದಲ್ಲ, ಆ ಒಂದು ‘ಪೀ’ ಕಮ್ಮಿ ಆಗೋಯ್ತು.

ಕೃಷ್ಣಮೂರ್ತಿಯವರ ಕಾರಿನ ಚಾಲಕರಿಗೆ ಮತ ಹಾಕಲು ಬಿಡುವೇ ಸಿಗಲಿಲ್ಲವಂತೆ?

ಹಂಗಂತರ. ಅವತ್ತು ಓಟು ಹಾಕ್ದೆ ಮನೇಲಿ ಕೂತೋರು ಸಾವ್ರಾರು ಜನ. ಅವ್ರನ್ನ ಯಾರೂ ಕೇಳ್ನಿಲ್ಲ. ಸೋಲಿನ ಮೂಟೆ ಮಾತ್ರ ಸಂಬಳಕ್ಕೆ ಸ್ಟೇರಿಂಗ್ ಹಿಡ್ದೋನ ತಲೆ ಮೇಲೆ. ಎಲೆಕ್ಷನ್ ದಿನ ಡ್ರೈವರ್‌ಗೆ ರಜ ಕೊಡೋ ಪಕ್ಸ ಯಾವ್ದದ, ನೀನೇ ಹೇಳು.

ರಾಜಸ್ಥಾನದ ನಾಥದ್ವಾರದಲ್ಲೂ 2008ರಲ್ಲಿ ಸಿ.ಪಿ. ಜೋಶಿ ಒಂದೇ ಮತದಿಂದ ಸೋತರು.

ಆ ಕ್ಷೇತ್ರ ಇನ್ನೂ ಬದುಕದಾ?

ಇದೆ ಅಜ್ಜಿ.

ಪುಣ್ಯವಂತೆ.

ನೀವು ತೀರಿಕೊಂಡದ್ದು ಹೇಗೆ?

ತಮಾಸೆ ಅಂದ್ರೆ ಅದೇ ಮಗ. ಒಬ್ಬರನ್ನ ಸೋಲ್ಸಕ್ಕೆ ಒಂದು ಓಟಾದ್ರೂ ಬೇಕಾಯ್ತು. ನನ್ನ ಅಳ್ಸಕ್ಕೆ ಒಂದು ಓಟೂ ಬೇಕಾಗ್ನಿಲ್ಲ. ದೆಲ್ಲಿಲಿ ನ್ಯಾಯಮೂರ್ತಿ ಕುಲದೀಪ್ ಸಿಂಗ್ ಅವ್ರ ಪುನರ್ವಿಂಗಡಣಾ ಆಯೋಗ 2001ರ ಜನಗಣತಿ ಮುಂದಿಟ್ಕಂಡು ಗೆರೆ ಎಳೀತು. ರಾಜ್ಯಕ್ಕೆ ಸೀಟು ಅದೇ 224. ಪಟ್ಣ ಊದ್ಕಂಡ್ರೆ ಹಳ್ಳಿ ಸವೀಬೇಕಲ್ಲ. ಬೆಂಗಳೂರು ನಗರ ಜಿಲ್ಲೆಗೇ 28 ಆಯ್ತು. ನಮ್ಮ ಜಿಲ್ಲೇಲಿ ಐದಿದ್ದವು, ನಾಕು ಉಳುದ್ವು. ನನ್ನ ಮಕ್ಕಳು ಈಗ ಕೊಳ್ಳೇಗಾಲ ಕ್ಷೇತ್ರದೋರು.

ಕೋರ್ಟಿಗೆ ಹೋಗಬಹುದಿತ್ತಲ್ಲ?

ಒಂದು ಓಟಿನ ಎಣಿಕೇಲಿ ತಕರಾರಿದ್ರೆ ಹೈಕೋರ್ಟಿಗೆ ಹೋಗ್ಬೌದು. ಇಡೀ ಕ್ಷೇತ್ರನೇ ಮಾಯ ಆದ್ರೆ ಯಾವ ಕೋರ್ಟಲ್ಲೂ ಪ್ರಶ್ನೆ ಮಾಡಂಗಿಲ್ಲ ಅಂತ ಕಾನೂನಲ್ಲೇ ಬರ್ದವ್ರ.

ಚಾಮರಾಜನಗರಕ್ಕೆ ಬಂದರೆ ಕುರ್ಚಿ ಹೋಗುತ್ತದೆ ಎಂದು ಮುಖ್ಯಮಂತ್ರಿಗಳು ಹೆದರುತ್ತಿದ್ದರಲ್ಲ?

ಹೆದರ್ಕಂಡೋರು ಅವ್ರು, ಕುರ್ಚಿ ಹೋಗಿದ್ದು ನಂದು.

ಆ ಇಬ್ಬರು ಅಭ್ಯರ್ಥಿಗಳ ಮೇಲೆ ಬೇಸರವಿದೆಯೇ?

ಯಾಕ ಮಗ? ಧ್ರುವನಾರಾಯಣ 2008ರಲ್ಲಿ ಕೊಳ್ಳೇಗಾಲಕ್ಕೆ ಹೋಗಿ ಗೆದ್ರು, 2009, 2014ರಲ್ಲಿ ಲೋಕಸಭೆಗೂ ಗೆದ್ರು. ಕೃಷ್ಣಮೂರ್ತಿಯೋರೂ ಆಮೇಲೆ ಅದೇ ಕಾಂಗ್ರೆಸ್ಸಿಗೆ ಬಂದ್ರು. ಆ ಒಂದು ಓಟಿಗೆ ಊರೂರಲ್ಲಿ ಮಾತು ಬಿಟ್ಟಿದ್ದೋರು, ಕಡೆಗೆ ಒಂದೇ ಬಾವುಟ ಹಿಡ್ಕಂಡು ನಿಂತ್ರು. 2023ರ ಮಾರ್ಚಲ್ಲಿ ಧ್ರುವನಾರಾಯಣ ತೀರ್ಕಂಡ್ರು. ಮೇ ತಿಂಗಳಲ್ಲಿ ಕೃಷ್ಣಮೂರ್ತಿ ಕೊಳ್ಳೇಗಾಲದಲ್ಲಿ 59 ಸಾವ್ರಕ್ಕೂ ಹೆಚ್ಚು ಓಟಲ್ಲಿ ಗೆದ್ರು. ಒಂದು ಓಟಿನ ಸಾಲ, 19 ವರ್ಸದ ಬಡ್ಡಿ ಸಮೇತ ವಸೂಲಾಯ್ತು. ನನ್ನ ಅಸಲು ಮಾತ್ರ ಬರ್ನಿಲ್ಲ.

ಕೊನೆಯದಾಗಿ ನಮ್ಮ ಓದುಗರಿಗೆ ಏನಾದರೂ ಹೇಳಿ.

2026 ಆದ್ಮೇಲೆ ನಡೆಯೋ ಜನಗಣತಿ ಲೆಕ್ಕ ಬಂದ್ರೆ ಮತ್ತ ಗೆರೆ ಎಳೀತರ. ಈ ಸಲ ಯಾವ ಹಳ್ಳಿ ಸೀಟಿನ ಸರದಿಯೋ. ಗೆರೆ ಗಟ್ಟಿಯಾಗಕ್ಕೆ ಮುಂಚೆ ಕರಡು ಹೊರಡಿಸ್ತರ, ಆಕ್ಷೇಪಣೆ ಕೇಳ್ತರ, ಸಾರ್ವಜನಿಕ ಸಭೆ ಮಾಡ್ತರ. ನನ್ನ ಕತೆ ಓದಿ ‘ಅಯ್ಯೋ ಪಾಪ’ ಅನ್ನೋ ಬದ್ಲು ಆ ಸಭೆಗೆ ಹೋಗಿ. ಕಾರಲ್ಲಿ ಹೋಗೋರಾದ್ರೆ ಡ್ರೈವರ್‌ನ ಹೊರಗೆ ಕಾಯಿಸ್ಬ್ಯಾಡಿ, ಒಳಕ್ಕೇ ಕರ್ಕಂಡು ಹೋಗಿ.