ಎಚ್‌ಆರ್ ಬರೆದ ಜಾತಕ

ಬೆಂಗಳೂರಿನ ಐಟಿ ಹುಡುಗನಿಗೆ ಈಗ ಎರಡು ಜಾತಕ. ಒಂದು ಊರಿನಲ್ಲಿ ಅಮ್ಮನ ಟ್ರಂಕಿನಲ್ಲಿದೆ, ಮೂಲೆಗೆ ಅರಿಶಿನ ಹಚ್ಚಿದ್ದು. ಇನ್ನೊಂದು ಎಚ್‌ಆರ್‌ನವರ ಲ್ಯಾಪ್‌ಟಾಪಿನಲ್ಲಿದೆ, ಬಣ್ಣದ ಚಕ್ರವಿರುವ ಪಿಡಿಎಫ್. ಮೊದಲನೆಯದರ ಮಾತೆತ್ತಿದರೆ "ಅದೆಲ್ಲಾ ಮೂಢನಂಬಿಕೆ ಸಾರ್" ಎಂದು ನಗುತ್ತಾನೆ. ಎರಡನೆಯದಕ್ಕೆ ಬಂದಾಗ ಮುಖ ಗಂಭೀರವಾಗುತ್ತದೆ: "ನಾನು ಐಎನ್‌ಟಿಜೆ ಸಾರ್, ಅದಕ್ಕೇ ನನಗೆ ಮೀಟಿಂಗು ಆಗಿಬರಲ್ಲ."

ಜೋಯಿಸರ ಮೇಲೆ ನನಗೆ ಗೌರವ ಹೆಚ್ಚಾದದ್ದು ಇಲ್ಲಿಂದಲೇ. ಅವರ ಲೆಕ್ಕದಲ್ಲಿ ನಕ್ಷತ್ರ 27, ಒಂದೊಂದಕ್ಕೂ 4 ಪಾದ; ಮನುಷ್ಯರಲ್ಲಿ 108 ಬಗೆಯಾದರೂ ಇದೆ. ಎಚ್‌ಆರ್‌ನವರ ಮೈಯರ್ಸ್-ಬ್ರಿಗ್ಸ್ ವ್ಯಕ್ತಿತ್ವ ಪರೀಕ್ಷೆ ಇಡೀ ಮನುಕುಲವನ್ನು ಐಎನ್‌ಟಿಜೆಯಂಥ 16 ಡಬ್ಬಿಗಳಲ್ಲಿ ತುಂಬಿ ಕೈತೊಳೆದುಕೊಳ್ಳುತ್ತದೆ. ಜೋಯಿಸರು ಒಮ್ಮೆ ರೋಹಿಣಿ ಎಂದರೆ ಸಾಯುವತನಕ ರೋಹಿಣಿಯೇ. ಈ ಪರೀಕ್ಷೆಯನ್ನು ಐದು ವಾರ ಬಿಟ್ಟು ಮತ್ತೆ ಬರೆಸಿದರೆ ಹೆಚ್ಚುಕಮ್ಮಿ ಅರ್ಧ ಮಂದಿ ಬೇರೆ ಡಬ್ಬಿಗೆ ಹಾರಿರುತ್ತಾರೆ ಎಂದು ಅಧ್ಯಯನಗಳು ತೋರಿಸಿವೆ. ಹಾರದೆ ಏನು ಮಾಡಿಯಾರು? ಹೆಚ್ಚಿನವರು ಅಂತರ್ಮುಖಿಯೂ ಅಲ್ಲದೆ ಬಹಿರ್ಮುಖಿಯೂ ಅಲ್ಲದೆ ನಡುವೆ ಇರುವವರು. ಐದೂವರೆ ಅಡಿಗೆ ಒಂದು ಗೆರೆ ಎಳೆದು, ಅದಕ್ಕಿಂತ ಕೂದಲೆಳೆ ಮೇಲಿದ್ದವನನ್ನು 'ಉದ್ದ', ಕೆಳಗಿದ್ದವನನ್ನು 'ಗಿಡ್ಡ' ಎಂದು ಬರೆದುಕೊಂಡರೆ, ಮರುದಿನ ಚಪ್ಪಲಿ ಬದಲಿಸಿದವನ ಜಾತಿಯೇ ಬದಲಾಗುತ್ತದೆ.

ಈ ಪರೀಕ್ಷೆಯನ್ನು ಕಟ್ಟಿದವರು ಅಮೆರಿಕದ ತಾಯಿ ಮಗಳು, ಕ್ಯಾಥರಿನ್ ಬ್ರಿಗ್ಸ್ ಮತ್ತು ಇಸಬೆಲ್ ಮೈಯರ್ಸ್. ಇಬ್ಬರೂ ಮನಶ್ಶಾಸ್ತ್ರ ಕಲಿತವರಲ್ಲ. ಮನಶ್ಶಾಸ್ತ್ರಜ್ಞ ಕಾರ್ಲ್ ಯೂಂಗ್ 1921ರಲ್ಲಿ ಬರೆದ ಪುಸ್ತಕವನ್ನು ತಾಯಿ ಅನುವಾದದಲ್ಲಿ ಓದಿ ಮನಸೋತರು. ಪತ್ತೇದಾರಿ ಕಾದಂಬರಿ ಬರೆದಿದ್ದ ಮಗಳು ಎರಡನೇ ಮಹಾಯುದ್ಧದ ಕಾಲದಲ್ಲಿ ಅದನ್ನು ಪ್ರಶ್ನಾವಳಿಯಾಗಿಸಿದರು. ಅಪ್ಪಟ ಅಂತರ್ಮುಖಿ, ಅಪ್ಪಟ ಬಹಿರ್ಮುಖಿ ಎನ್ನುವವರು ಇರುವುದಿಲ್ಲ ಎಂದು ಯೂಂಗ್ ಸ್ವತಃ ಹೇಳಿದ್ದರು. ಆ ಮಾತು ಪಿಡಿಎಫ್‌ವರೆಗೆ ಬಂದು ಮುಟ್ಟಲಿಲ್ಲ. ನೇಮಕಾತಿಗೆ ಇದನ್ನು ಬಳಸಬೇಡಿ ಎಂದು ಪರೀಕ್ಷೆ ಮಾರುವ ಕಂಪನಿಯೇ ಹೇಳುತ್ತದೆ. ಅದೂ ಮುಟ್ಟಿಲ್ಲ.

ಇದು ಹಳತಾಯಿತು ಎನ್ನುವ ಕಚೇರಿಗಳು 'ಡಿಸ್ಕ್' ಎಂಬ ಇನ್ನೊಂದು ಪರೀಕ್ಷೆ ತರಿಸುತ್ತವೆ. ಅದರ ಸಿದ್ಧಾಂತ ಕೊಟ್ಟ ವಿಲಿಯಂ ಮಾರ್ಸ್ಟನ್ ಸುಳ್ಳುಪತ್ತೆ ಯಂತ್ರದ ಕೆಲಸದಲ್ಲೂ ಕೈಯಾಡಿಸಿದವರು, 1941ರಲ್ಲಿ ಕಾಮಿಕ್ಸಿಗೆ ವಂಡರ್ ವುಮನ್ ಎಂಬ ನಾಯಕಿಯನ್ನು ಕೊಟ್ಟವರು. ಆಕೆಯ ಹಗ್ಗದಲ್ಲಿ ಸಿಕ್ಕಿಬಿದ್ದವರು ನಿಜ ಹೇಳಲೇಬೇಕು. ಅಪ್ರೈಸಲ್ ವೇಳೆಗೆ ಮ್ಯಾನೇಜರುಗಳಿಗೆ ಆ ಹಗ್ಗ ಸಿಕ್ಕಿದ್ದರೆ ಉಪಯೋಗವಿತ್ತು. ಸಿಕ್ಕಿದ್ದು ಡಿಸ್ಕ್ ಮಾತ್ರ.

ಇಷ್ಟಾದರೂ ಜನ ಯಾಕೆ ನಂಬುತ್ತಾರೆ? ಇದಕ್ಕೆ ಉತ್ತರ 1948ರಲ್ಲೇ ಸಿಕ್ಕಿದೆ. ಬರ್ಟ್ರಮ್ ಫೋರರ್ ಎಂಬ ಮನಶ್ಶಾಸ್ತ್ರಜ್ಞ ತಮ್ಮ 39 ವಿದ್ಯಾರ್ಥಿಗಳಿಗೆ ವ್ಯಕ್ತಿತ್ವ ಪರೀಕ್ಷೆ ಕೊಟ್ಟರು. ಕೆಲವು ದಿನ ಬಿಟ್ಟು ಪ್ರತಿಯೊಬ್ಬರ ಕೈಗೂ ಅವರವರದೇ ಎಂದು ಒಂದೊಂದು ವರದಿ ಇಟ್ಟು, ಎಷ್ಟು ನಿಜ ಎಂದು ಐದಕ್ಕೆ ಅಂಕ ಕೊಡಿ ಎಂದರು. ಸರಾಸರಿ ಬಂದದ್ದು 4.26. ಆಮೇಲೆ ಗುಟ್ಟು ಬಿಚ್ಚಿದರು: 39 ವರದಿಗಳೂ ಅಕ್ಷರಶಃ ಒಂದೇ. ಅದರ ವಾಕ್ಯಗಳನ್ನು ಅವರು ಆರಿಸಿದ್ದು ಬಹುಪಾಲು ಪೇಪರ್ ಅಂಗಡಿಯಲ್ಲಿ ಸಿಗುವ ಜ್ಯೋತಿಷ್ಯ ಪುಸ್ತಕದಿಂದ. ನಿಮ್ಮಲ್ಲಿ ಬಳಕೆಯಾಗದ ಶಕ್ತಿ ಬಹಳಷ್ಟಿದೆ, ಹೊರಗೆ ಗಟ್ಟಿಯಾಗಿ ಕಂಡರೂ ಒಳಗೆ ಅಳುಕು ಇದೆ, ಈ ಧಾಟಿಯವು. ಇಲ್ಲ ಎನ್ನುವ ಗಂಡಾಗಲಿ ಹೆಣ್ಣಾಗಲಿ ಹಾಸನದಿಂದ ಹಾಂಗ್‌ಕಾಂಗ್‌ವರೆಗೆ ಸಿಗಲಿಕ್ಕಿಲ್ಲ.

ಹಾಗೆಂದು ಮನಶ್ಶಾಸ್ತ್ರ ಕೈಕಟ್ಟಿ ಕೂತಿರಲಿಲ್ಲ. 1936ರಲ್ಲಿ ಆಲ್ಪೋರ್ಟ್ ಮತ್ತು ಓಡ್ಬರ್ಟ್ ಇಂಗ್ಲಿಷ್ ನಿಘಂಟು ಜಾಲಾಡಿ ಮನುಷ್ಯರ ಗುಣ ಹೇಳುವ ಸುಮಾರು 18,000 ಪದ ಹೆಕ್ಕಿದರು. ಮುಂದಿನವರು ದಶಕಗಳ ಕಾಲ ಲೆಕ್ಕ ಹಾಕಿ, ಸೋಸಿ, ಐದು ಗುಣಗಳಿಗೆ ತಂದು ನಿಲ್ಲಿಸಿದರು: ಹೊಸತಿಗೆ ತೆರೆದ ಮನಸ್ಸು, ಶಿಸ್ತು, ಬಹಿರ್ಮುಖತೆ, ಹೊಂದಾಣಿಕೆ, ಭಾವದ ಏರುಪೇರು. ಇಲ್ಲಿ ಡಬ್ಬಿಗಳಿಲ್ಲ, ಅಳತೆಪಟ್ಟಿ ಇದೆ. ಮಾರುಕಟ್ಟೆಯಲ್ಲಿ ಸೋತದ್ದೂ ಅದಕ್ಕೇ. "ಹೊಂದಾಣಿಕೆಯಲ್ಲಿ ನೂರಕ್ಕೆ ಎಂಬತ್ತೆಂಟು ಮಂದಿ ನಿಮಗಿಂತ ಮೇಲು" ಎಂಬುದನ್ನು ಕಾಫಿ ಮಗ್ಗಿನ ಮೇಲೆ ಯಾರು ಅಚ್ಚು ಹಾಕಿಸುತ್ತಾರೆ? 16 ಡಬ್ಬಿಗಳಲ್ಲಿ ಒಂದರ ಮೇಲೂ 'ಜಗಳಗಂಟ' ಎಂದು ಬರೆದಿಲ್ಲ. ಎಲ್ಲರೂ ದಾರ್ಶನಿಕರು, ಶಿಲ್ಪಿಗಳು, ಸೇನಾನಿಗಳು.

ಒಳ್ಳೆಯ ಪರೀಕ್ಷೆಗೂ ಮಿತಿಯಿದೆ. ಪರೀಕ್ಷೆಯಲ್ಲಿ ಕಂಡ ಗುಣಕ್ಕೂ ನಿಜ ಜೀವನದ ನಡತೆಗೂ ಇರುವ ಸಂಬಂಧ ಅಂಕಿಯಲ್ಲಿ 0.3 ದಾಟುವುದು ಅಪರೂಪ ಎಂದು ಮನಶ್ಶಾಸ್ತ್ರಜ್ಞ ವಾಲ್ಟರ್ ಮಿಷೆಲ್ 1968ರಲ್ಲಿ ಪುಸ್ತಕ ಬರೆದು ವ್ಯಕ್ತಿತ್ವದ ಶಾಸ್ತ್ರವನ್ನೇ ಅಲ್ಲಾಡಿಸಿದರು. ಬೀದಿಯಲ್ಲಿ ಹುಲಿ, ಮನೆಯಲ್ಲಿ ಇಲಿ ಎಂಬುದು ನಮ್ಮ ಹೆಂಗಸರಿಗೆ ಮೊದಲೇ ಗೊತ್ತಿತ್ತು. ಅವರು ಪುಸ್ತಕ ಬರೆಯಲಿಲ್ಲ ಅಷ್ಟೆ.

ಸರ್ಕಾರವಂತೂ ಧೈರ್ಯಶಾಲಿ. ಯುಪಿಎಸ್‌ಸಿ ಸಂದರ್ಶನದ ಅಧಿಕೃತ ಹೆಸರೇ ವ್ಯಕ್ತಿತ್ವ ಪರೀಕ್ಷೆ, ಅಂಕ 275. ಅರ್ಧ ಗಂಟೆಯ ಹೊತ್ತಿನಲ್ಲಿ ಮನುಷ್ಯನನ್ನು ಅಳೆದು ಮುಗಿಸುತ್ತಾರೆ. ಆ ಅರ್ಧ ಗಂಟೆ ಸಹಜವಾಗಿ ಇರುವುದು ಹೇಗೆಂದು ಕಲಿಸಲು ಬೆಂಗಳೂರಿನ ವಿಜಯನಗರದಿಂದ ದೆಹಲಿಯವರೆಗೆ ಕೋಚಿಂಗ್ ಸೆಂಟರುಗಳಿವೆ. ಸೇನಾಧಿಕಾರಿಗಳ ಆಯ್ಕೆಯಲ್ಲಿ ಚಿತ್ರಗಳನ್ನು ತೋರಿಸಿ ಕಥೆ ಬರೆಸುತ್ತಾರೆ, ಕೊನೆಗೆ ಒಂದು ಖಾಲಿ ಹಾಳೆ: ಅಭ್ಯರ್ಥಿಯ ಅಂತರಂಗ ತಾನಾಗಿ ಅರಳಲಿ ಎಂದು. ಆ ಖಾಲಿ ಹಾಳೆಗೂ ಕಥೆ ಮನೆಯಿಂದಲೇ ಸಿದ್ಧವಾಗಿ ಬರುತ್ತದೆ.

ಇನ್ನು ವ್ಯಕ್ತಿತ್ವ ವಿಕಸನ ಶಿಬಿರಗಳು. ಹುಟ್ಟುಗುಣ ಸುಟ್ಟರೂ ಹೋಗದು ಎಂಬ ಗಾದೆಯನ್ನು ಅವಳಿಗಳ ಅಧ್ಯಯನಗಳು ಅರ್ಧ ಒಪ್ಪುತ್ತವೆ: ವ್ಯಕ್ತಿ ವ್ಯಕ್ತಿಯ ನಡುವಿನ ವ್ಯತ್ಯಾಸದಲ್ಲಿ ಸುಮಾರು ಅರ್ಧ ಅನುವಂಶೀಯ. ಉಳಿದದ್ದನ್ನು ಬದುಕು ತಿದ್ದುತ್ತದೆ. ಇಪ್ಪತ್ತರಿಂದ ನಲವತ್ತರೊಳಗೆ ಹೆಚ್ಚಿನವರಲ್ಲಿ ಶಿಸ್ತು ಮೆಲ್ಲಗೆ ಏರುತ್ತದೆ, ಸಿಡುಕು ಇಳಿಯುತ್ತದೆ. ಸಂಸಾರ, ಸಾಲ, ನೌಕರಿ ಎಲ್ಲ ಸೇರಿ ಇಪ್ಪತ್ತು ವರ್ಷ ಹಿಡಿಯುವ ಈ ಕೆಲಸಕ್ಕೆ ಶಿಬಿರದವರಿಗೆ ಮೂರು ದಿನ ಸಾಕು, ಊಟ ಮತ್ತು ಪ್ರಮಾಣಪತ್ರ ಸಹಿತ.

ನೌಕರಿಯಲ್ಲಿ ಒಬ್ಬ ಹೇಗೆ ದುಡಿಯುತ್ತಾನೆಂಬುದನ್ನು ಅವನು ತನ್ನ ಬಗ್ಗೆ ತುಂಬಿದ ಪ್ರಶ್ನಾವಳಿಗಿಂತ ಅವನನ್ನು ಬಲ್ಲವರ ಮಾತು ಚೆನ್ನಾಗಿ ಹೇಳುತ್ತದೆ ಎಂದು ಸಂಶೋಧನೆಗಳು ಹೇಳುತ್ತವೆ. ಆದರೆ ಪಕ್ಕದ ಟೇಬಲಿನವರನ್ನು ಕೇಳುವುದಕ್ಕೆ ಲೈಸೆನ್ಸ್ ಫೀ ಇಲ್ಲ, ರೆಸಾರ್ಟೂ ಬೇಕಿಲ್ಲ. ಹಾಗಾಗಿ ಅದು ಬಜೆಟ್ಟಿಗೆ ಹತ್ತುವುದಿಲ್ಲ.

ಮುಂದಿನ ಸಲ ಕಚೇರಿಯಲ್ಲಿ ನಿಮ್ಮ ವ್ಯಕ್ತಿತ್ವದ ವರದಿ ಕೈಗೆ ಬಂದಾಗ ಒಂದು ಕೆಲಸ ಮಾಡಿ. ಹೆಸರಿನ ಹಾಳೆ ಮಡಚಿ, ಪಕ್ಕದವರ ವರದಿಯನ್ನು ನಿಮ್ಮದೆಂದು ಓದಿಕೊಳ್ಳಿ. ಅದೂ ನಿಮಗೇ ಬರೆದಂತಿದ್ದರೆ ಎಚ್‌ಆರ್‌ನವರಿಗೆ ಹೇಳಿ ದುಡ್ಡು ವಾಪಸ್ ತರಿಸಿ.