ಹಿಡಿದು ಬಿಡುವ ಸಾಹೇಬರಿಗೆ ಗಾಳದವನ ನಮಸ್ಕಾರ

ಇವರಿಗೆ,
ಕಡಲ ಯೋಜನೆಗಳ ಬಗ್ಗೆ ಸಾರ್ವಜನಿಕರ ಅಹವಾಲು ಆಲಿಸುವ ಮಾನ್ಯ ಸಾಹೇಬರು,
ಶಾಮಿಯಾನದ ನೆರಳು.

ಇವರಿಂದ,
ಬ್ರೇಕ್‌ವಾಟರಿನ ತುದಿಯಿಂದ ಮೂರನೇ ಕಲ್ಲಿನ ಮೇಲೆ ಕೂರುವವ,
ನಿವೃತ್ತ ಬ್ಯಾಂಕ್ ಮ್ಯಾನೇಜರ್.

ವಿಷಯ: ಶೋಕಿಗೆ ಗಾಳ ಹಾಕುವವರನ್ನೂ ಸಮುದ್ರಕ್ಕೆ ಸಂಬಂಧಪಟ್ಟವರೆಂದು ಪರಿಗಣಿಸುವ ಬಗ್ಗೆ.
ಉಲ್ಲೇಖ: ಸಿಗಡಿ ಕಟ್ಟಿಕೊಟ್ಟ ಹಳೇ ಪೇಪರು.

ಮಾನ್ಯರೇ,

ಮೇಲ್ಕಾಣಿಸಿದ ವಿಷಯಕ್ಕೆ ಸಂಬಂಧಿಸಿದಂತೆ ತಮ್ಮಲ್ಲಿ ವಿನಂತಿಸಿಕೊಳ್ಳುವುದೇನೆಂದರೆ, ನಾನು ಮೀನುಗಾರನಲ್ಲ. ಮೀನು ಹಿಡಿಯುವವನೂ ಅಲ್ಲ ಎಂಬುದು ನನ್ನ ಹೆಂಡತಿಯ ವಾದ. ದಿನಾ ಸಂಜೆ ಖಾಲಿ ಚೀಲ ನೋಡಿ ಬೇಸತ್ತವಳ ಮಾತು ಅದು, ತಾವು ದಾಖಲಿಸಿಕೊಳ್ಳಬೇಕಿಲ್ಲ. ಪಿಂಚಣಿ ಬಂದ ತಿಂಗಳಿಂದ ಇಂದಿನವರೆಗೆ ಅಳಿವೆ ಬಾಗಿಲಲ್ಲಿ ರಾಡ್ ಹಿಡಿದು ಕೂತಿದ್ದೇನೆ. ನನ್ನಂಥವರು ನಮ್ಮ ಕಡೆ ಹತ್ತಾರು ಮಂದಿ ಇದ್ದೇವೆ: ಇಬ್ಬರು ಮೇಷ್ಟ್ರು, ಒಬ್ಬ ದಂತವೈದ್ಯ, ದುಬೈಯಿಂದ ವಾಪಸ್ಸಾದ ಒಬ್ಬ ಫೋರ್‌ಮನ್. ಸರ್ಕಾರದ ನಯಾಪೈಸೆ ಖರ್ಚಿಲ್ಲದೆ ಸಮುದ್ರವನ್ನು ದಿಟ್ಟಿಸಿ ನೋಡುತ್ತಾ ಕೂರುವವರು ಈ ಜಿಲ್ಲೆಯಲ್ಲಿ ನಾವು ಮಾತ್ರ.

ತಮ್ಮ ಸಭೆಯ ಸುದ್ದಿ ನನಗೆ ತಿಳಿದ ಬಗೆಯನ್ನು ಮೊದಲು ಹೇಳಬೇಕು. ಕಾಯ್ದೆ ಪ್ರಕಾರ, ಅಂದರೆ 2006ರ ಪರಿಸರ ಪರಿಣಾಮ ಅಧಿಸೂಚನೆಯ ಪ್ರಕಾರ, ಇಂಥ ಸಭೆಗೆ 30 ದಿನ ಮುಂಚೆ ಒಂದು ರಾಷ್ಟ್ರೀಯ ಪತ್ರಿಕೆಯಲ್ಲೂ ಒಂದು ಸ್ಥಳೀಯ ಭಾಷೆಯ ಪತ್ರಿಕೆಯಲ್ಲೂ ಪ್ರಕಟಣೆ ಕೊಡಬೇಕು. ತಾವು ಕೊಟ್ಟಿದ್ದಿರಿ, ಅದರಲ್ಲಿ ಎರಡು ಮಾತಿಲ್ಲ. ನನಗದು ಸಿಕ್ಕಿದ್ದು ಇಪ್ಪತ್ತೊಂಬತ್ತನೇ ದಿನ. ಗಾಳಕ್ಕೆ ಸಿಕ್ಕಿಸಲು ದಿನಾ ನನಗೆ ಹತ್ತು ರೂಪಾಯಿಯ ಸಿಗಡಿ ಕೊಡುವ ಅಕ್ಕ ಅವತ್ತು ಅದೇ ಪುಟದಲ್ಲಿ ಸಿಗಡಿ ಕಟ್ಟಿಕೊಟ್ಟಿದ್ದಳು. ಒಂದು ಕಡೆ ಚಿನ್ನದಂಗಡಿಯ ಜಾಹೀರಾತು, ಇನ್ನೊಂದು ಕಡೆ ಟೆಂಡರ್ ನೋಟಿಸು, ನಡುವೆ ಇರುವೆ ಸಾಲಿನಂಥ ಅಕ್ಷರದಲ್ಲಿ ನಮ್ಮ ಅಳಿವೆಗೆ ಜೆಟ್ಟಿ ಬರುವ, ಜೊತೆಗೆ ಬ್ರೇಕ್‌ವಾಟರ್ ಉದ್ದವಾಗುವ ಸಮಾಚಾರ. ಸಿಗಡಿಯ ನೀರು ಹತ್ತಿದ್ದರಿಂದ ಜಾಗದ ಹೆಸರು ಅಳಿಸಿತ್ತು, ದಿನಾಂಕ ಮಾತ್ರ ಉಳಿದಿತ್ತು. ಮರುದಿನವೇ ಸಭೆ.

ಅದು ಬಂಗುಡೆ ಭರ್ಜರಿಯಾಗಿ ಬೀಳುತ್ತಿದ್ದ ವಾರ. ಊರಿನ ದೋಣಿಗಳೆಲ್ಲ ಕಡಲಲ್ಲಿದ್ದವು. ಜೂನ್ 1ರಿಂದ ಜುಲೈ 31ರವರೆಗೆ 61 ದಿನ ಯಾಂತ್ರಿಕ ದೋಣಿಗಳಿಗೆ ಕಾನೂನೇ ರಜೆ ಕೊಟ್ಟಿದೆ, ಆಗ ಸಭೆ ಇಟ್ಟಿದ್ದರೆ ಇಡೀ ಊರು ಬರುತ್ತಿತ್ತು. ಈ ಮಾತನ್ನು ತಮ್ಮ ಸಿಬ್ಬಂದಿಯೊಬ್ಬರ ಕಿವಿಗೆ ಹಾಕಿದಾಗ, "ಮಳೆಗಾಲದಲ್ಲಿ ಶಾಮಿಯಾನ ಸೋರ್ತದೆ ಸಾರ್" ಎಂದರು. ಒಪ್ಪಿದೆ. ಅದಲ್ಲದೆ ಇಂಥ ಸಭೆ ಶುರುಮಾಡಲು ಇಷ್ಟು ಜನ ಇರಲೇಬೇಕೆಂಬ ಕೋರಂ ಕಟ್ಟಳೆಯೂ ಇಲ್ಲ ಎಂದು ಅದೇ ಅಧಿಸೂಚನೆ ಹೇಳುತ್ತದೆ. ನಮ್ಮ ಸೊಸೈಟಿಯ ವಾರ್ಷಿಕ ಮಹಾಸಭೆಗೆ, ಅಂದರೆ ಲಾಭಾಂಶ ಮತ್ತು ಮೈಸೂರು ಪಾಕ್ ಹಂಚುವ ಸಭೆಗೆ, ಕೋರಂ ಬೇಕು. ಸಮುದ್ರದ ಬಾಯಿ ಕಟ್ಟುವ ಸಭೆಗೆ ಬೇಡ.

ನಾವಂತೂ ಹೋಗಿದ್ದೆವು. ನಮಗೆ ಸುಗ್ಗಿಯೂ ಇಲ್ಲ, ರಜೆಯೂ ಇಲ್ಲ.

ಹೋದವನು ಮೊದಲು ವರದಿ ಕೇಳಿದೆ. ಕನ್ನಡದಲ್ಲಿ ಸಾರಾಂಶ, ಇಂಗ್ಲಿಷಿನಲ್ಲಿ ಸಂಪೂರ್ಣ. ಸಾರಾಂಶ ಮದುವೆ ಆಮಂತ್ರಣದಷ್ಟು ದಪ್ಪ, ಸಂಪೂರ್ಣ ಮದುವೆ ಆಲ್ಬಮ್ಮಿನಷ್ಟು. ಬ್ಯಾಂಕಿನಲ್ಲಿ ಸುತ್ತೋಲೆ ಓದಿ ಓದಿ ಇಂಗ್ಲಿಷಿಗೆ ಹೆದರದವನು ನಾನು, ಕನ್ನಡ ಸಾರಾಂಶಕ್ಕೆ ಹೆದರಿದೆ. "ಅಂತರ್‌ಉಬ್ಬರವಿಳಿತೀಯ ಜೈವಿಕ ಸಮುದಾಯಗಳ ಮೇಲಿನ ನಗಣ್ಯ ಪ್ರಭಾವ" ಎಂದಿತ್ತು. ಪಕ್ಕದಲ್ಲಿದ್ದ ಮೇಷ್ಟ್ರು ಎರಡು ಸಲ ಓದಿ, "ಏಡಿ, ಚಿಪ್ಪುಗಳಿಗೆ ಏನೂ ಆಗುವುದಿಲ್ಲ ಅಂತಿರಬೇಕು" ಎಂದು ಅನುವಾದಿಸಿದರು. ಮೀನುಗಳ ಪಟ್ಟಿಯಲ್ಲಿ ಕಾಣೆ ಇರಲಿಲ್ಲ. ಮಂಗಳೂರಿನ ಹೋಟೆಲಿನಲ್ಲಿ ರವೆ ಹಚ್ಚಿ ಹುರಿದು ಕೊಡುತ್ತಾರಲ್ಲ, ಅದೇ ಕಾಣೆ. ನಮ್ಮ ಅಳಿವೆಯ ಮರಳಿನಲ್ಲಿ ನಾನು ನೂರಾರು ಹಿಡಿದಿದ್ದೇನೆ (ಹೆಂಡತಿ ಹತ್ತು ಎನ್ನುತ್ತಾಳೆ). ಸಮೀಕ್ಷೆ ಮಾಡಿದವರು ಕಾಣೆ ಎಂದು ಬರೆದುಕೊಂಡಿದ್ದನ್ನು ಟೈಪ್ ಮಾಡಿದವರು ಕಾಣೆಯಾಗಿದೆ ಎಂದು ತಿಳಿದರೋ ಏನೋ.

ಆಮೇಲೆ ನಕ್ಷೆ. ಅಳತೆ 1:25,000. ಬ್ಯಾಂಕಿನವನಾದ್ದರಿಂದ ಮನಸ್ಸಿನಲ್ಲೇ ಲೆಕ್ಕ ಹಾಕಿದೆ: ನೆಲದ 25 ಮೀಟರು ಕಾಗದದ ಮೇಲೆ ಒಂದು ಮಿಲಿಮೀಟರು. ಕರಾವಳಿ ನಿಯಂತ್ರಣ ವಲಯದ 2019ರ ಅಧಿಸೂಚನೆಯಲ್ಲಿ, ಜನದಟ್ಟಣೆ ಚದರ ಕಿಲೋಮೀಟರಿಗೆ 2161 ದಾಟಿದ ಹಳ್ಳಿಗಾಡಿನಲ್ಲಿ, ಉಬ್ಬರದ ಗೆರೆಯಿಂದ 50 ಮೀಟರು ಮಾತ್ರ ಕಟ್ಟೋಣ ನಿಷಿದ್ಧ. ಅದು ನಕ್ಷೆಯಲ್ಲಿ ಎರಡು ಮಿಲಿಮೀಟರು. ಜೇಬಿನಲ್ಲಿದ್ದ ಗಾಳದ ಕೊಕ್ಕೆ ತೆಗೆದು ನಕ್ಷೆಯ ಮೇಲಿಟ್ಟೆ. ಕೊಕ್ಕೆಯ ಬಾಯೊಳಗೆ ಇಂಥ ನಾಲ್ಕೈದು ನಿಷಿದ್ಧ ವಲಯಗಳು ಆರಾಮವಾಗಿ ಕೂತವು. ಹಿಂದೆ ಇದೇ ಜಾಗದಲ್ಲಿ 200 ಮೀಟರು ಇತ್ತು. ಇದರಲ್ಲಿ ಇನ್ನೊಂದು ಸ್ವಾರಸ್ಯ ಇದೆ. ಜನರೊಡನೆ ಸಮಾಲೋಚಿಸಿ ಮಾಡಿದ ವಲಯ ಯೋಜನೆ ಮಂಜೂರಾದರೆ ಮಾತ್ರ 50, ಇಲ್ಲದಿದ್ದರೆ ಹಳೆಯ 200 ಮೀಟರೇ ಮುಂದುವರಿಯಬೇಕು. ಅಂದರೆ ನಾವು ಬಾಯಿ ಬಿಟ್ಟಷ್ಟೂ ಕಡಲತೀರ ಬಾಯಿ ಮುಚ್ಚಿಕೊಳ್ಳುತ್ತದೆ. ಸಾಲ ತೀರಿಸಿದವನ ಅಡಮಾನವನ್ನು ಹರಾಜು ಹಾಕುವ ಈ ಪದ್ಧತಿ ನಮ್ಮ ಬ್ಯಾಂಕಿಗೆ ಹೊಳೆದಿರಲಿಲ್ಲ.

ಈಗ ನಮ್ಮ ಅಹವಾಲಿನ ಕಡೆ ಬರುತ್ತೇನೆ. ಹೇಳಲು ನಾಚಿಕೆಯಾಗುತ್ತದೆ, ಆದರೆ ವಿಡಿಯೋ ಆಗಿರುವುದರಿಂದ ಮುಚ್ಚಿಟ್ಟು ಪ್ರಯೋಜನವಿಲ್ಲ. ದಂತವೈದ್ಯರು ಎದ್ದು ಬ್ರೇಕ್‌ವಾಟರಿನ ಮೇಲೆ ಎರಡು ದೀಪದ ಕಂಬ ಕೇಳಿದರು. ಫೋರ್‌ಮನ್ ಕಾರು ನಿಲ್ಲಿಸುವ ಜಾಗ ಕೇಳಿದರು. ಮೇಷ್ಟ್ರೊಬ್ಬರು, ಬೆಳಗ್ಗೆ ಕೈರಂಪಣಿ ಎಳೆಯುವವರು ಗಾಳ ಬಿಟ್ಟ ಕಡೆಯೇ ಬಲೆ ಬಿಡುತ್ತಾರೆ, ಅದಕ್ಕೊಂದು ವೇಳಾಪಟ್ಟಿ ಆಗಲಿ ಎಂದರು. ನಾನೂ ಸುಮ್ಮನಿರಲಿಲ್ಲ. ಹೊಸ ಗೋಡೆಗೆ ಹಾಕುವ ಕಲ್ಲುಗಳಲ್ಲಿ ಕೆಲವನ್ನಾದರೂ ಚಪ್ಪಟೆ ಮೇಲಾಗಿ ಹಾಕಬೇಕು, ಕೂರಲು ಅನುಕೂಲ, ಎಂದು ಲಿಖಿತವಾಗಿಯೇ ಕೊಟ್ಟೆ.

ಒಂದು ಗುಟ್ಟು ಹೇಳಿಬಿಡುತ್ತೇನೆ. ಕಡಲ್ಕೊರೆತದಿಂದ ಈ ಕರಾವಳಿಯಲ್ಲಿ ಯಾರಿಗಾದರೂ ಲಾಭವಾಗಿದ್ದರೆ (ಕಲ್ಲಿನ ಗುತ್ತಿಗೆದಾರರನ್ನು ಬಿಟ್ಟು) ಅದು ನಮಗೆ. ಉಳ್ಳಾಲದಿಂದ ಮರವಂತೆಯವರೆಗೆ ಎಲ್ಲಿ ತೀರ ಕುಸಿದು ಕಲ್ಲು ಬಿತ್ತೋ ಅಲ್ಲಿ ನಮಗೊಂದು ಹೊಸ ಆಸನ. ಕಲ್ಲಿನ ಸಂದಿಯಲ್ಲಿ ಮುರು ಮೀನು ಸೇರಿಕೊಳ್ಳುತ್ತದೆ, ಮುರು ಸೇರಿದಲ್ಲಿ ನಾವು ಸೇರುತ್ತೇವೆ. ಗೋಡೆಯ ಒಂದು ಬದಿಯಲ್ಲಿ ಮರಳು ತುಂಬುತ್ತದೆ, ಇನ್ನೊಂದು ಬದಿಯಲ್ಲಿ ತೆಂಗಿನ ಮರ ನೀರಿಗೆ ಬೀಳುತ್ತದೆ. ನಾನು ಕೂತ ಕಲ್ಲಿನಿಂದ ಎರಡೂ ಕಾಣುತ್ತವೆ. ಬೇಲೆಯ ಮರಳುದಿಬ್ಬ ಯಾವ ವರ್ಷ ಯಾವ ಕಡೆ ಎಷ್ಟು ಸರಿಯಿತು, ಬಾಗಿಲು ಯಾವಾಗ ಕಿರಿದಾಯಿತು, ಬಿದ್ದ ಮರಗಳು ಎಷ್ಟು, ಎಲ್ಲ ನನ್ನ ಡೈರಿಯಲ್ಲಿದೆ. ಯಾವ ಸಲಹಾ ಸಂಸ್ಥೆಯ ಹತ್ತಿರವೂ ಇಲ್ಲದ ಆ ಡೈರಿಯನ್ನು ಚೀಲದಲ್ಲಿಟ್ಟುಕೊಂಡೇ ನಾನು ತಮ್ಮೆದುರು ನಿಂತು ಚಪ್ಪಟೆ ಕಲ್ಲು ಕೇಳಿದೆ. ತಾವು ನಗುನಗುತ್ತಾ ಬರೆದುಕೊಂಡಿರಿ. ಇಡೀ ಸಭೆಯಲ್ಲಿ ತಾವು ನಕ್ಕಿದ್ದು ಅದೊಂದೇ ಸಲ, ಯಾಕೆಂದು ಮನೆಗೆ ಬಂದ ಮೇಲೆ ಅರ್ಥವಾಯಿತು.

ನನ್ನ ಹಿಂದಿನ ಸಾಲಿನಲ್ಲಿ ಸಿಗಡಿಯ ಅಕ್ಕ ಕೂತಿದ್ದಳು. ಬುಟ್ಟಿ ಸಮೇತ ಬಂದಿದ್ದಳು. ನನ್ನ ಮಾತು ಮುಗಿದಾಗ ಬೆನ್ನು ತಟ್ಟಿ ಕೇಳಿದಳು: "ಹ್ವಾಯ್, ನೀವ್ ಹಿಡ್ದ್ ಮೀನ್ ತಿರ್ಗಿ ನೀರಿಗೇ ಬಿಡ್ತ್ರಿ ಅಂಬ್ರಲೆ, ಹೌದಾ?"

ಹೌದೆಂದೆ. ಈಗಿನ ಗಾಳದವರಲ್ಲಿ ಅದೇ ಮರ್ಯಾದೆ. ಕೈ ಒದ್ದೆ ಮಾಡಿಕೊಂಡು ಹಿಡಿಯುವುದು, ಕೊಕ್ಕೆ ಬಿಡಿಸುವುದು, ಅಳತೆ ಮಾಡುವುದು, ಫೋಟೋ ತೆಗೆಯುವುದು, ನಿಧಾನಕ್ಕೆ ನೀರಿಗೆ ಬಿಡುವುದು. ಹೆಮ್ಮೆಯಿಂದಲೇ ವಿವರಿಸಿದೆ.

"ಹಾಂಗಾರೆ ನೀವೂ ಈ ಮೀಟಿಂಗಿನರೂ ಒಂದೇ. ನಮ್ ಮಾತ್ ಹಿಡಿತ್ರ್, ಫೋಟ ತೆಗಿತ್ರ್, ಬಿಟ್ ಬಿಡ್ತ್ರ್."

ಸಾಹೇಬರೇ, ಆ ಕ್ಷಣದಿಂದ ತಮ್ಮ ಮೇಲಿನ ನನ್ನ ಗೌರವ ಇಮ್ಮಡಿಯಾಗಿದೆ. ತಾವು ನಮ್ಮ ಸಂಘದವರೇ ಎಂದು ನನಗೆ ಗೊತ್ತಿರಲಿಲ್ಲ. ಎಂಥ ನಾಜೂಕು! ಅಹವಾಲನ್ನು ಮೈಕಿನಿಂದ ಮೇಲೆತ್ತುತ್ತೀರಿ, ನಿಯಮದಂತೆ ವಿಡಿಯೋ ಮಾಡುತ್ತೀರಿ, ಕ್ರಮಸಂಖ್ಯೆ ಹಾಕುತ್ತೀರಿ, ಎದುರಿಗೆ ಯೋಜನೆಯವರ ಉತ್ತರ ಬರೆಸುತ್ತೀರಿ, "ಗಮನಿಸಲಾಗಿದೆ" ಎಂಬ ನೀರಿಗೆ ಮೆಲ್ಲಗೆ ಬಿಡುತ್ತೀರಿ. ಒಂದು ಪೊರೆ ಉದುರುವುದಿಲ್ಲ. ಮೂವತ್ತು ವರ್ಷಕ್ಕೂ ಮೀರಿ ಸಾಲದ ಅರ್ಜಿಗಳ ಮೇಲೆ "ಪರಿಶೀಲಿಸಲಾಗುವುದು" ಎಂದು ಬರೆದ ಕೈ ನನ್ನದು, ಈ ಕಸುಬಿನ ಬೆಲೆ ಬಲ್ಲೆ. ಒಂದೇ ವ್ಯತ್ಯಾಸ: ಬಿಟ್ಟ ಮೀನಿನ ತುಟಿ ಹರಿದಿರುತ್ತದೆಂದು ನಮಗೆ ತಿಳಿದಿದೆ. ಅದೇ ಮೀನು ಎರಡನೇ ಸಲ ಗಾಳದ ಹತ್ತಿರ ಬರಲು ಅಳುಕುತ್ತದೆ. ಜನ ಸಭೆಗೇ ಬರುವುದಿಲ್ಲ ಎಂದು ತಾವು ಬೇಸರಪಟ್ಟಿರಲ್ಲ, ಅದಕ್ಕೆ ಹೇಳಿದೆ.

ನನ್ನ ಅಕ್ಕನ ಮಗ ಇಂಗ್ಲೆಂಡಿನ ಪ್ಲಿಮತ್‌ನಲ್ಲಿದ್ದಾನೆ, ಅವನಿಗೂ ಇದೇ ಹುಚ್ಚು. ಅಲ್ಲಿ 2009ರಲ್ಲೇ ಸಮುದ್ರಕ್ಕೂ ಕರಾವಳಿಗೂ ಸೇರಿ ಕಾಯ್ದೆ ಬಂತು. ಊರಿಗೆ ಮಾಸ್ಟರ್ ಪ್ಲಾನ್ ಮಾಡಿದ ಹಾಗೆ ಕಡಲಿಗೂ ಮಾಡುತ್ತಾರೆ, ಮೊದಲನೆಯದು 2014ರಲ್ಲಿ ಪೂರ್ವ ತೀರಕ್ಕೆ ಆಯಿತು. ತೀರದ ಮೀನುಗಾರಿಕೆ ನೋಡಿಕೊಳ್ಳಲು 10 ಪ್ರಾದೇಶಿಕ ಪ್ರಾಧಿಕಾರಗಳು, ಅವುಗಳ ಸಮಿತಿಗಳಲ್ಲಿ ಶೋಕಿ ಗಾಳದವರಿಗೂ ಕುರ್ಚಿ. ನನಗೆ ಹೊಟ್ಟೆ ಉರಿಯಿತು. ಫೋನಿನಲ್ಲಿ ಕೇಳಿದೆ, ಕುರ್ಚಿಯೇನೋ ಸರಿ, ಮಾತು ನಡೆಯುತ್ತದಾ? ಅವನೆಂದ: "ಇಲ್ಲಿ ಸೀ ಬಾಸ್ ಮೀನು 42 ಸೆಂಟಿಮೀಟರ್ ಇಲ್ಲದಿದ್ದರೆ ವಾಪಸ್ ನೀರಿಗೆ ಬಿಡಬೇಕು ಮಾವ. ಸಭೆಯಲ್ಲಿ ಆಡುವ ಮಾತಿಗೂ ಅಂಥದ್ದೊಂದು ಅಳತೆ ಇರುತ್ತದೆ, ಬೋರ್ಡ್ ಹಾಕಿರುವುದಿಲ್ಲ ಅಷ್ಟೆ." ನನ್ನ ಚಪ್ಪಟೆ ಕಲ್ಲು ಎಷ್ಟು ಸೆಂಟಿಮೀಟರಿತ್ತು ಎಂದು ಆಮೇಲೆ ಯೋಚಿಸಿದೆ.

ಸಿಗಡಿಯ ಅಕ್ಕನ ಮಾತಿನ ಅಳತೆ ಬೇರೆ. ಕೊನೆಗೆ ಅವಳ ಸರದಿ ಬಂತು. ಮೈಕನ್ನು ದೂರವೇ ಹಿಡಿದು ಒಂದೇ ವಾಕ್ಯ ಕೇಳಿದಳು: "ನಾನ್ ಮೀನ್ ಒಣ್ಗ್ಸು ಜಾಗ ಈ ನಕ್ಷೆಯಂಗ್ ಎಲ್ಲಿತ್ತ್?"

ತಾವು ಘಟ್ಟದ ಮೇಲಿನವರು, ತಮ್ಮ ಬರಹಗಾರರೂ ಅಷ್ಟೆ. ಹಾಗಾಗಿ ಹೇಳಬೇಕಾಗಿದೆ. ಕುಂದಾಪುರದ ಕನ್ನಡದಲ್ಲಿ "ಇತ್ತ್" ಅಂದರೆ "ಇದೆ". ಅವಳು ಕೇಳಿದ್ದು ಎಲ್ಲಿದೆ ಎಂದು. ದಿನಾ ಬೆಳಗ್ಗೆ ಅವಳ ಒಣಮೀನು ಹರಡುವ ಮರಳು ತಮ್ಮ ನಕ್ಷೆಯ ಯಾವ ಬಣ್ಣದಲ್ಲಿದೆ, ಹಳದಿಯೋ, ನೀಲಿಯೋ, ಜೆಟ್ಟಿಯ ಬೂದಿ ಬಣ್ಣವೋ, ತೋರಿಸಿ ಎಂದು. ಯಾರೂ ತೋರಿಸಲಿಲ್ಲ. ಸಭೆಯ ಕೊನೆಗೆ ನಡಾವಳಿಯನ್ನು ಕನ್ನಡದಲ್ಲಿ ಓದಿ ಹೇಳಬೇಕೆಂಬ ನಿಯಮದಂತೆ ಓದಿದರು. ಅರ್ಧ ಕುರ್ಚಿಗಳನ್ನು ಅಷ್ಟರಲ್ಲಿ ಲಾರಿಗೆ ಏರಿಸಿಯಾಗಿತ್ತು. ಕ್ರಮಸಂಖ್ಯೆ 17ರಲ್ಲಿ ಹೀಗಿತ್ತು: "ಸ್ಥಳೀಯ ಮಹಿಳೆಯೊಬ್ಬರು ಮೀನು ಒಣಗಿಸುವ ಜಾಗ ಎಲ್ಲಿತ್ತು ಎಂದು ವಿಚಾರಿಸಿದರು. ಗಮನಿಸಲಾಗಿದೆ."

ಎಲ್ಲಿತ್ತು. ನಾನು ಎದ್ದು ತಿದ್ದಬೇಕಿತ್ತು, ಏಳಲಿಲ್ಲ. ಉಬ್ಬರದ ಹೊತ್ತಾಗುತ್ತಿತ್ತು, ಸಿಗಡಿ ಬಿಸಿಲಿಗೆ ಹಾಳಾಗುತ್ತಿತ್ತು, ಕ್ರಮಸಂಖ್ಯೆ 16ರಲ್ಲಿ ನನ್ನ ಚಪ್ಪಟೆ ಕಲ್ಲು ಅಕ್ಷರ ತಪ್ಪಿಲ್ಲದೆ ಬಂದಿತ್ತು. ಅದರ ಮುಂದೆ "ಪರಿಗಣಿಸಲಾಗುವುದು" ಎಂದೂ ಇತ್ತು.

ಆದ್ದರಿಂದ ಮಾನ್ಯರೇ, ಕ್ರಮಸಂಖ್ಯೆ 17ರಲ್ಲಿ "ಎಲ್ಲಿತ್ತು" ಎಂಬುದನ್ನು "ಎಲ್ಲಿದೆ" ಎಂದು ತಿದ್ದಿ, ಎದುರಿಗೆ ಉತ್ತರ ಬರೆಸಬೇಕು. ನಡಾವಳಿ ದೆಹಲಿಯ ತಜ್ಞರ ಸಮಿತಿ ತಲುಪುವ ಮುಂಚೆ ಇದು ಆಗಬೇಕು. ಕ್ರಮಸಂಖ್ಯೆ 16ನ್ನು ಹೊಡೆದುಹಾಕಿ, ಅಲ್ಲಿ ನನ್ನ ಡೈರಿ ಸೇರಿಸಿಕೊಳ್ಳಬೇಕು. ಮುಂದಿನ ಸಭೆ ಜೂನ್ ತಿಂಗಳಲ್ಲಿ ಆಗಲಿ, ಶಾಮಿಯಾನ ಸೋರಿದರೆ ಕೊಡೆ ನಾವು ತರುತ್ತೇವೆ. ಈ ಅರ್ಜಿಯನ್ನು ತಾವು ಹಿಡಿದದ್ದೇ ಆದರೆ ದಯವಿಟ್ಟು ವಾಪಸ್ ಬಿಡಬೇಡಿ.

ತಮ್ಮ ವಿಶ್ವಾಸಿ,
ಮೂರನೇ ಕಲ್ಲಿನವ

ಅಡಕ:
ಗಾಳದ ಕೊಕ್ಕೆ, ಒಂದು (ನಕ್ಷೆಯ ಮೇಲಿಟ್ಟು ನೋಡಲು, ಬೆರಳು ಜೋಪಾನ).
ಡೈರಿಯ ಜೆರಾಕ್ಸ್ ಪ್ರತಿ, ಬಿದ್ದ ತೆಂಗಿನ ಮರಗಳ ಲೆಕ್ಕ ಸಮೇತ.
ಅಕ್ಕ ಕೊಟ್ಟ ಒಣಮೀನು, ಒಂದು ಕಟ್ಟು. ತಮ್ಮದೇ ಪ್ರಕಟಣೆಯ ಪುಟದಲ್ಲಿ ಕಟ್ಟಿದೆ.